ಹತ್ತು ಲಕ್ಷ ಚಿಪ್ ಪುಕ್ಕಟೆ ಕೊಡ್ತೀವಿ ಅಂದರೂ ಎಚ್‌ಪಿ ಯಾಕೆ ಬೇಡ ಅಂತು?

ಬೆರಗುಗಣ್ಣು

ಎಲ್ಲರಿಗೂ ನಮಸ್ಕಾರ. ಪ್ರೊಸೆಸರ್‌ಗಳ ಹಳೇ ಕತೆ ಹುಡುಕುತ್ತಾ ಹೋದವನಿಗೆ ಚಿಪ್ ತಯಾರಿಸುವ ಎಎಂಡಿಯವರು 2005ರ ಜೂನ್‌ನಲ್ಲಿ ಎದುರಾಳಿ ಇಂಟೆಲ್ ಮೇಲೆ, ತಮ್ಮ ಚಿಪ್ ಮಾರಾಟಕ್ಕೆ ಅಡ್ಡ ಬರುತ್ತಿದೆ ಅಂತ, ಅಮೆರಿಕದ ಡೆಲವೇರ್‌ನ ಫೆಡರಲ್ ಕೋರ್ಟಿನಲ್ಲಿ ಹೂಡಿದ ದಾವೆ ಸಿಕ್ಕಿತು. ಓದುತ್ತಾ ಒಂದು ಕಡೆ ನಿಂತುಬಿಟ್ಟೆ. 2002ರಲ್ಲಿ ಎಎಂಡಿ ಕಂಪ್ಯೂಟರ್ ತಯಾರಿಸುವ ಎಚ್‌ಪಿಗೆ ಹೇಳುತ್ತಂತೆ: ನಿಮ್ಮ ಆಫೀಸು ಕಂಪ್ಯೂಟರ್‌ಗಳಲ್ಲಿ ನಮ್ಮ ಚಿಪ್ ಹಾಕಿ, ಮೊದಲ ಹತ್ತು ಲಕ್ಷ ಚಿಪ್‌ಗೆ ಕಾಸೇ ಬೇಡ. ಎಚ್‌ಪಿ ಕೊನೆಗೆ ತಗೊಂಡಿದ್ದು 1.6 ಲಕ್ಷ ಅಷ್ಟೇ.

ಪುಕ್ಸಟ್ಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನೋ ಲೋಕ ಇದು. ಅಂಥದ್ದರಲ್ಲಿ ಲಾಭಕ್ಕೆಂದೇ ಇರುವ ಕಂಪನಿ ಎಂಟು ಲಕ್ಷದ ನಲವತ್ತು ಸಾವಿರ ಚಿಪ್ ಕೈಬಿಟ್ಟಿತು ಅಂದರೆ? ಇದು ದಾವೆ ಹೂಡಿದವರು ಕಟ್ಟಿದ ಮಾತೋ, ಇಲ್ಲ ಇದರಲ್ಲಿ ನನಗೆ ಕಾಣದ ಲೆಕ್ಕ ಇದೆಯೋ? ಬಲ್ಲವರು ಬಿಡಿಸಿ ಹೇಳಿ.

ತಿರುಗುಬಾಣ

ಇದರಲ್ಲಿ ಬಿಡಿಸೋದೇನಿದೆ? ಚಿಪ್ ಪುಕ್ಕಟೆ ಸರಿ, ಅದನ್ನು ಕೂರಿಸುವ ಮದರ್‌ಬೋರ್ಡ್ ಪುಕ್ಕಟೆಯೇ? ಹೊಸ ವಿನ್ಯಾಸ, ಪರೀಕ್ಷೆ, ರಿಪೇರಿಯವರಿಗೆ ತರಬೇತಿ ಪುಕ್ಕಟೆಯೇ? ದೊಡ್ಡ ಕಂಪನಿಗಳ ಐಟಿ ವಿಭಾಗದವರು ಒಂದೇ ಥರದ ಯಂತ್ರ ವರ್ಷಗಟ್ಟಲೆ ಕೇಳುತ್ತಾರೆ. ಎಚ್‌ಪಿ ತನ್ನ ಗಿರಾಕಿಗೆ ಏನು ಬೇಕೋ ಅದನ್ನು ಕೊಂಡಿತು. ಮತ್ತೆ, ದಾವೆ ಅನ್ನೋದು ಒಂದು ಕಡೆಯವರ ಮಾತು. ಅದನ್ನೇ ಇತಿಹಾಸ ಅಂದುಕೊಂಡು ಓದಬೇಡಿ.

ಮಾರಾಯ

ಪುಕ್ಕಟೆ ಆನೆ ಕೊಟ್ಟರೆ ಕಟ್ಟಿ ಹಾಕಲಿಕ್ಕೆ ಜಾಗ ಬೇಕಲ್ಲ ಮಾರಾಯ್ರೆ.

ಲೆಕ್ಕದಮ್ಮ

ಬೆರಗುಗಣ್ಣು, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ತಿರುಗುಬಾಣ ಅವರು ಹೇಳಿದ ಖರ್ಚುಗಳೂ ನಿಜವೇ, ಆದರೆ ಅಷ್ಟಕ್ಕೇ ಯಾರೂ ಎಂಟು ಲಕ್ಷ ಚಿಪ್ ಬಿಡೋಲ್ಲ. ಗುಟ್ಟು ಇರೋದು ರಿಬೇಟಿನಲ್ಲಿ, ಅಂದರೆ ಕೊಂಡವನಿಗೆ ವಾಪಸ್ ಕೊಡುವ ದುಡ್ಡಿನಲ್ಲಿ. ಪೆನ್ನು ಕಾಗದ ತಗೊಳ್ಳಿ. ಇದು ನಾನೇ ಹಾಕಿದ ಉದಾಹರಣೆ, ಯಾವ ಕಂಪನಿಯ ನಿಜವಾದ ಅಂಕಿಯೂ ಅಲ್ಲ.

ಒಬ್ಬ ಕಂಪ್ಯೂಟರ್ ತಯಾರಕನಿಗೆ 100 ಚಿಪ್ ಬೇಕು. ದೊಡ್ಡ ಕಂಪನಿಯ ಚಿಪ್‌ಗೆ ತಲಾ 100 ಡಾಲರ್. ಅವರು ಹೇಳುತ್ತಾರೆ: ನಿನಗೆ ಬೇಕಾದ ನೂರಕ್ಕೆ 95ರಷ್ಟಾದರೂ ನನ್ನಿಂದಲೇ ತಗೊಂಡರೆ ಇಡೀ ಬಿಲ್ಲಿನ ಮೇಲೆ 10% ವಾಪಸ್. ನೂರೂ ಅವರಿಂದಲೇ ತಗೊಂಡರೆ ಕೈಯಿಂದ ಹೋಗೋದು 9,000 ಡಾಲರ್.

ಈಗ ಚಿಕ್ಕ ಕಂಪನಿ ಬಂದು 20 ಚಿಪ್ ತಗೋ ಅನ್ನುತ್ತೆ. ತಗೊಂಡರೆ ದೊಡ್ಡವರಿಂದ 80 ಮಾತ್ರ, ರಿಬೇಟು ಖತಂ, 8,000 ಡಾಲರ್ ಬಿಲ್ಲು. ಮೊದಲಿನ 9,000ಕ್ಕೆ ಸರಿತೂಗಬೇಕಾದರೆ ಆ 20 ಚಿಪ್‌ಗೆ ಒಟ್ಟು 1,000 ಮೀರಬಾರದು. ಅಂದರೆ ತಲಾ 50. ದೊಡ್ಡವರು 90ಕ್ಕೆ ಮಾರಿ ನೆಮ್ಮದಿಯಾಗಿದ್ದಾರೆ, ಚಿಕ್ಕವರು 50ಕ್ಕೆ ಮಾರಬೇಕು.

ಚಿಕ್ಕವರು 10 ಚಿಪ್ ಮಾತ್ರ ಕೊಡಬಲ್ಲರು ಅಂತಿಟ್ಟುಕೊಳ್ಳಿ. ದೊಡ್ಡವರಿಂದ 90, ರಿಬೇಟಿಲ್ಲದೆ 9,000. ಉಳಿದ ಹತ್ತು ಚಿಪ್‌ಗೆ ಮಿಕ್ಕಿದ್ದೆಷ್ಟು? ಸೊನ್ನೆ. ಪುಕ್ಕಟೆ ಕೊಟ್ಟರೆ ಮಾತ್ರ ಸಮ. ಇನ್ನು 8 ಚಿಪ್ ಮಾತ್ರ ಅಂದರೆ ದೊಡ್ಡವರ ಬಿಲ್ಲು 9,200. ಈಗ ಪುಕ್ಕಟೆ ತಗೊಂಡರೂ 200 ಡಾಲರ್ ನಷ್ಟ!

ನಿಮ್ಮ ಎಚ್‌ಪಿ ಕತೆ ಇದೇ ಜಾತಿಯದ್ದು. ಚಿಪ್‌ಗೆ ಬೆಲೆ ಇಲ್ಲದಿರಬಹುದು, ತಗೊಂಡದ್ದಕ್ಕೆ ಬೆಲೆ ಇತ್ತು.

ಬೆರಗುಗಣ್ಣು

ಮೇಡಂ, ಮೂರು ಸಲ ಕೂಡಿಸಿ ಕಳೆದು ನೋಡಿದೆ. ತಲೆ ತಿರುಗಿತು. ಆದರೆ ಒಂದು ಅನುಮಾನ. ಆ 80, 90 ಚಿಪ್ ದೊಡ್ಡವರಿಂದಲೇ ಯಾಕೆ ತಗೋಬೇಕು? ನೂರಕ್ಕೆ ನೂರನ್ನೂ ಎಎಂಡಿಯಿಂದ ತಗೊಂಡು ಇಂಟೆಲ್‌ಗೆ ಕೈಮುಗಿದುಬಿಟ್ಟರೆ ರಿಬೇಟಿನ ಹಂಗೇ ಇರೋಲ್ಲವಲ್ಲ?

ಹಳೇ ಮದರ್‌ಬೋರ್ಡ್

ಅದು ಆಗದ ಮಾತು. ಎಎಂಡಿ ಹತ್ತಿರ ಅಷ್ಟು ಕಾರ್ಖಾನೆಯೇ ಇರಲಿಲ್ಲ. ಆಗ ಅವರ ಮುಖ್ಯ ಪ್ರೊಸೆಸರ್‌ಗಳು ಬರುತ್ತಿದ್ದದ್ದು ಜರ್ಮನಿಯ ಡ್ರೆಸ್ಡೆನ್‌ನ ಒಂದೇ ಫ್ಯಾಬ್‌ನಿಂದ, ಅಂದರೆ ಚಿಪ್ ಕಾರ್ಖಾನೆಯಿಂದ. ಪಕ್ಕದಲ್ಲೇ ಇನ್ನೊಂದು ಶುರುವಾದದ್ದು 2005ರಲ್ಲಿ. ಇಡೀ ಎಚ್‌ಪಿಯನ್ನೋ ಇಡೀ ಡೆಲ್ಲನ್ನೋ ಒಬ್ಬರೇ ಸಾಕುವ ತಾಕತ್ತು ಇಂಟೆಲ್‌ಗೆ ಮಾತ್ರ ಇತ್ತು. ಹಾಗಾಗಿ ಯಾವ ತಯಾರಕನೂ ಇಂಟೆಲ್‌ಗೆ ಬೆನ್ನು ತಿರುಗಿಸೋ ಹಾಗಿರಲಿಲ್ಲ. ಆ ಬಿಡಲಾಗದ ಭಾಗವನ್ನೇ ಒತ್ತೆ ಇಟ್ಟುಕೊಂಡು ಬಿಡಬಹುದಾದ ಸಣ್ಣ ಭಾಗವನ್ನೂ ಹಿಡಿದಿಟ್ಟುಕೊಂಡರು ಅನ್ನೋದೇ ಆರೋಪದ ತಿರುಳು.

ಹಿಂದಿನದ್ದೂ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲದಿದ್ದರೆ ಎಎಂಡಿ ಎಲ್ಲಿಂದ ಬಂತು ಅಂತ ಹೊಸಬರಿಗೆ ತಿಳಿಯೋಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಚಿಪ್ ಆರಿಸಿತು. ಒಬ್ಬನೇ ಮಾರಾಟಗಾರನನ್ನು ನಂಬಿ ಕೂರೋಕೆ ಐಬಿಎಂ ತಯಾರಿರಲಿಲ್ಲ, ಇನ್ನೊಬ್ಬರೂ ಅದೇ ಚಿಪ್ ಮಾಡಲಿ ಅಂತ ಪಟ್ಟು. 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಒಪ್ಪಂದ ಮಾಡಿಕೊಂಡವು. 386 ಅನ್ನೋ ಹೊಸ ಚಿಪ್ ಬರುವ ಹೊತ್ತಿಗೆ ಇಂಟೆಲ್‌ಗೆ ಇನ್ನೊಬ್ಬರ ಹಂಗು ಬೇಡವಾಯಿತು, ವಿನ್ಯಾಸ ಕೊಡಲಿಲ್ಲ. ಜಗಳ ಪಂಚಾಯಿತಿಗೆ ಹೋಗಿ, ಕೋರ್ಟುಗಳನ್ನು ಹತ್ತಿ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1994ರಲ್ಲಿ ಎಎಂಡಿ ಪರ ಹೇಳುವವರೆಗೂ ಎಳೆಯಿತು. ಅಷ್ಟರಲ್ಲಿ ಎಎಂಡಿ 1991ರಲ್ಲೇ ತನ್ನದೇ ಎಎಂ386 ಮಾರುಕಟ್ಟೆಗೆ ಬಿಟ್ಟಿತ್ತು. ಐಬಿಎಂ ಅವತ್ತು ಹಟ ಹಿಡಿಯದಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ.

ನಕಲು ಮಾಡುವವರು ಅಂತ ಮೂದಲಿಸಿಕೊಂಡಿದ್ದವರು 1999ರಲ್ಲಿ ಅಥ್ಲಾನ್ ಚಿಪ್ ತಂದರು. 2000ದ ಮಾರ್ಚ್‌ನಲ್ಲಿ ಚಿಪ್ ವೇಗದ 1 ಗಿಗಾಹರ್ಟ್ಸ್ ಗೆರೆಯನ್ನು ಇಂಟೆಲ್‌ಗಿಂತ ಎರಡು ದಿನ ಮೊದಲು ದಾಟಿದರು. 2003ರಲ್ಲಿ ಸರ್ವರ್‌ಗಳಿಗೆ ಆಪ್ಟೆರಾನ್. ಇಂಟೆಲ್ ಅತ್ತ ಇಟೇನಿಯಂ ಅನ್ನೋ ಬೇರೆಯೇ ಬಗೆಯ ಚಿಪ್ ಹಿಡಿದುಕೊಂಡು ಹಳೇ ಸಾಫ್ಟ್‌ವೇರೆಲ್ಲ ಬಿಟ್ಟು ಬನ್ನಿ ಅನ್ನುತ್ತಿತ್ತು, ಎಎಂಡಿ ಪಿಸಿ ಚಿಪ್‌ಗಳಲ್ಲಿ ಇದ್ದ ಎಕ್ಸ್86 ವಿನ್ಯಾಸವನ್ನೇ 64 ಬಿಟ್‌ಗೆ ಹಿಗ್ಗಿಸಿ ಎಲ್ಲ ಹಳೆಯದೂ ಓಡುತ್ತೆ ಅಂತು. 2004ರಲ್ಲಿ ಇಂಟೆಲ್ಲೇ ಆ ದಾರಿಗೆ ಬಂತು. ಇಂಟೆಲ್‌ನ ಪೆಂಟಿಯಂ 4 ಬಿಸಿಯಾಗಿ ಕೆಂಡವಾಗುತ್ತಿದ್ದ ಕಾಲ. ಅಂಥ ವರ್ಷಗಳಲ್ಲೇ ದೊಡ್ಡ ತಯಾರಕರ ಬಾಗಿಲು ಎಎಂಡಿಗೆ ತೆರೆಯಲಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಅದು.

ತಿರುಗುಬಾಣ

ನೀವೇ ಹೇಳಿದಿರಿ, ಎಎಂಡಿಗೆ ಕಾರ್ಖಾನೆ ಇರಲಿಲ್ಲ ಅಂತ. ಹಾಗಿದ್ದ ಮೇಲೆ ಇಂಟೆಲ್ ತಡೆಯದಿದ್ದರೂ ಅವರು ಎಷ್ಟು ಮಾರುತ್ತಿದ್ದರು? ಮಾಡಿದ್ದೆಲ್ಲ ಮಾರಾಟವಾಗುತ್ತಿದ್ದ ವರ್ಷಗಳೂ ಇದ್ದವು. ಇಂಟೆಲ್‌ನವರ ವಾದ ಇದೇ ಆಗಿತ್ತು, ತಳ್ಳಿಹಾಕೋ ಹಾಗಿಲ್ಲ. ಮತ್ತೆ 2006ರಲ್ಲಿ ಗ್ರಾಫಿಕ್ಸ್ ಚಿಪ್ ಕಂಪನಿ ಎಟಿಐಯನ್ನು ಕೊಳ್ಳೋಕೆ ಎಎಂಡಿ 540 ಕೋಟಿ ಡಾಲರ್ ಸುರಿದು ಸಾಲದಲ್ಲಿ ಮುಳುಗಿತು. ಅದನ್ನೂ ಇಂಟೆಲ್ ಮಾಡಿಸಿತಾ?

ಇನ್ನೊಂದು. ರಿಯಾಯಿತಿ ಅಂದರೆ ಬೆಲೆ ಇಳಿಯೋದು. ಬೆಲೆ ಇಳಿಸಿದ್ದಕ್ಕೆ ದಂಡ ಹಾಕಿದರೆ ನಾಳೆ ಯಾವ ಕಂಪನಿ ಇಳಿಸುತ್ತೆ?

ಲೆಕ್ಕದಮ್ಮ

ಕಾರ್ಖಾನೆ ಕಟ್ಟೋಕೆ ನೂರಾರು ಕೋಟಿ ಡಾಲರ್ ಬೇಕು, ವರ್ಷಗಳು ಬೇಕು. ಚಿಪ್ ಹೋಗುತ್ತೆ ಅನ್ನೋ ನಂಬಿಕೆ ಇದ್ದರೆ ತಾನೇ ಆ ದುಡ್ಡು ಸುರಿಯೋದು? ಕೊಳ್ಳುವವರು ಕಟ್ಟಿಹಾಕಿಸಿಕೊಂಡಿದ್ದಾರೆ ಅಂತ ಗೊತ್ತಿದ್ದೂ ಇನ್ನೊಂದು ಫ್ಯಾಬ್ ಕಟ್ಟುವ ಧೈರ್ಯ ಯಾರಿಗೆ ಬರುತ್ತೆ? ಕಾರ್ಖಾನೆ ಇಲ್ಲ ಅಂತ ಗಿರಾಕಿ ಇಲ್ಲ, ಗಿರಾಕಿ ಇಲ್ಲ ಅಂತ ಕಾರ್ಖಾನೆ ಇಲ್ಲ. ಇದರಲ್ಲಿ ಎಷ್ಟು ಪಾಲು ರಿಬೇಟಿನದ್ದು, ಎಷ್ಟು ಪಾಲು ಎಎಂಡಿಯ ಸ್ವಂತ ತಪ್ಪಿನದ್ದು ಅಂತ ಬೇರ್ಪಡಿಸಿ ತೂಗೋಕೆ ನನ್ನಿಂದಾಗೋಲ್ಲ. ಎಟಿಐ ವಿಷಯದಲ್ಲಿ ನೀವು ಹೇಳಿದ್ದು ಸರಿ.

ರಿಯಾಯಿತಿ ಬಗ್ಗೆ: ಹೆಚ್ಚು ಕೊಂಡರೆ ಕಡಿಮೆ ಬೆಲೆ ಅನ್ನೋದು ಒಂದು. ಅವನಿಂದ ಕೊಳ್ಳದಿದ್ದರೆ ಕಡಿಮೆ ಬೆಲೆ ಅನ್ನೋದು ಇನ್ನೊಂದು. ಹತ್ತು ಸಾವಿರ ಚಿಪ್‌ಗೆ ಇಷ್ಟು ರಿಯಾಯಿತಿ ಅಂದರೆ ಯಾರ ತಕರಾರೂ ಇಲ್ಲ. ನಿನ್ನ ಅಗತ್ಯದ 95% ಅನ್ನುವಾಗ ಕಣ್ಣು ಇರೋದು ನಿನ್ನ ಮೇಲಲ್ಲ, ನಿನ್ನ ಪಕ್ಕ ನಿಂತವನ ಮೇಲೆ.

ಗಡಿಯಾರ

ಅಲ್ರೀ, ಎಲ್ಲಾರೂ ಇಂಟೆಲ್ ಇಂಟೆಲ್ ಅಂತ ಹೊಡಕೊಳ್ಳಾಕತ್ತೀರಿ. ಕೈ ಒಡ್ಡಿ ರೊಕ್ಕ ಇಸಕೊಂಡಾವ್ರು ಯಾರು? ಡೆಲ್ ಸುದ್ದಿ ಯಾಕ ಬಿಟ್ರಿ?

2010ರ ಜುಲೈದಾಗ ಅಮೆರಿಕದ ಷೇರು ಮಾರುಕಟ್ಟಿ ನಿಯಂತ್ರಕರು, ಎಸ್ಇಸಿಯವರು, ಡೆಲ್ ಮ್ಯಾಲೆ ಕೇಸ್ ಹಾಕಿದ್ರು. ಏನಂತ? ಇಂಟೆಲ್ ಕಡೆಯಿಂದ ಬರೋ ರೊಕ್ಕ ಲೆಕ್ಕದಾಗ ತೋರಿಸಿ ತೋರಿಸಿ, ಲಾಭದ ಗುರಿ ಮುಟ್ಟೀವಿ ಅಂತ ಷೇರುದಾರರಿಗೆ ಹೇಳ್ತಿದ್ರು, ರೊಕ್ಕ ಎಲ್ಲಿಂದ ಬಂತು ಅಂತ ಹೇಳ್ತಿರಲಿಲ್ಲ ಅಂತ. 2003ರ ಹಣಕಾಸು ವರ್ಷದಾಗ ಡೆಲ್‌ನ ಕಾರ್ಯಾಚರಣೆ ಲಾಭದಾಗ ಅದರ ಪಾಲು ನೂರಕ್ಕ 10. 2006ಕ್ಕ 38. 2007ರ ಹಣಕಾಸು ವರ್ಷದ ಮೊದಲ ಮೂರು ತಿಂಗಳಿಗೆ 76! ಕಂಪ್ಯೂಟರ್ ಮಾರಿ ಗಳಿಸಿದ್ದು ನೂರಕ್ಕ 24 ಅಷ್ಟ ಅನ್ರಿ.

2006ರ ಮೇ ತಿಂಗಳದಾಗ ಡೆಲ್ ಎಎಂಡಿ ಚಿಪ್ ಹಾಕ್ತೀವಿ ಅಂತ ಹೇಳ್ತು. ಇಂಟೆಲ್ ರೊಕ್ಕ ಕಡಿಮಿ ಮಾಡ್ತು, ಡೆಲ್‌ನ ಲಾಭ ದಬಕ್ಕನ ಬಿತ್ತು. ಕಡೀಕ ಡೆಲ್ 10 ಕೋಟಿ ಡಾಲರ್, ಮೈಕೆಲ್ ಡೆಲ್ ಸ್ವಂತಕ್ಕ 40 ಲಕ್ಷ ಡಾಲರ್ ಕಟ್ಟಿ, ತಪ್ಪು ಒಪ್ಪಿಕೊಳ್ಳದನ ಕೇಸ್ ಮುಗಿಸಿಕೊಂಡ್ರು.

ಮಾರಾಯ

ನೂರಕ್ಕೆ 76! ಅದು ಕಂಪ್ಯೂಟರ್ ಕಂಪನಿಯಾ, ಇಂಟೆಲ್‌ನ ಸಂಬಳದ ಆಳಾ?

ಕಟಕಟೆ

ಡೆಲ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಆ ಕೇಸು ಲೆಕ್ಕ ಮುಚ್ಚಿಟ್ಟದ್ದಕ್ಕೆ, ಸ್ಪರ್ಧೆ ತಡೆದದ್ದಕ್ಕಲ್ಲ ಅನ್ನೋದು ನೆನಪಿರಲಿ. ಸ್ಪರ್ಧೆಯ ಕೇಸುಗಳು ಬೇರೆ. ತಿರುಗುಬಾಣ ಅವರು ದಾವೆ ಒಂದು ಕಡೆಯವರ ಮಾತು ಅಂದರು, ಸರಿ. ಹಾಗಿದ್ದರೆ ಬೇರೆ ಬೇರೆ ದೇಶಗಳ ನಿಯಂತ್ರಕರು ಏನು ಕಂಡರು ನೋಡೋಣ.

ಮೊದಲು ಜಪಾನ್. ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗದವರು 2004ರ ಏಪ್ರಿಲ್‌ನಲ್ಲಿ ಇಂಟೆಲ್‌ನ ಕಚೇರಿಗಳಿಗೆ ನುಗ್ಗಿ ಕಡತ ಹೊತ್ತೊಯ್ದರು. 2005ರ ಮಾರ್ಚ್‌ನಲ್ಲಿ ಹೇಳಿದರು: ಐದು ಜಪಾನೀ ತಯಾರಕರಿಗೆ, 100% ಅಥವಾ 90% ನಮ್ಮದೇ ಚಿಪ್ ಹಾಕಬೇಕು ಅನ್ನೋ ಷರತ್ತಿನ ಮೇಲೆ ರಿಬೇಟು ಕೊಟ್ಟಿದ್ದಾರೆ. ಇಂಟೆಲ್‌ನ ಎದುರಾಳಿಗಳ ಪಾಲು ಅಲ್ಲಿ 2002ರಲ್ಲಿ ಸುಮಾರು 24% ಇದ್ದದ್ದು 2003ಕ್ಕೆ ಸುಮಾರು 11%ಗೆ ಇಳಿದಿತ್ತು. ಇಂಟೆಲ್ ಆಪಾದನೆ ಒಪ್ಪಲಿಲ್ಲ, ಆದರೆ ಹಾಗೆ ಮಾಡಬೇಡಿ ಅನ್ನೋ ಆದೇಶಕ್ಕೆ ತಲೆಬಾಗಿತು. ಎಎಂಡಿ ಡೆಲವೇರ್‌ಗೆ ಹೋದದ್ದು ಇದಾದ ಮೂರೇ ತಿಂಗಳಿಗೆ.

ದಕ್ಷಿಣ ಕೊರಿಯಾ 2008ರಲ್ಲಿ ಸುಮಾರು 2,600 ಕೋಟಿ ವಾನ್ ದಂಡ ಹಾಕಿತು. ಇಂಟೆಲ್‌ನಂಥ ಕಂಪನಿಗೆ ಅದು ಚಿಲ್ಲರೆ.

ದೊಡ್ಡ ಪೆಟ್ಟು ಯೂರೋಪಿನದ್ದು. 2009ರ ಮೇ 13. ಸ್ಪರ್ಧಾ ಆಯುಕ್ತೆ ನೀಲಿ ಕ್ರೂಸ್ ಅವರ ಕಾಲ. ದಂಡ 106 ಕೋಟಿ ಯೂರೋ, ಅಲ್ಲಿಯವರೆಗೆ ಯೂರೋಪಿಯನ್ ಆಯೋಗ ಒಂದೇ ಕಂಪನಿಗೆ ಹಾಕಿದ್ದರಲ್ಲೇ ದೊಡ್ಡದು. 2002ರ ಅಕ್ಟೋಬರ್‌ನಿಂದ 2007ರ ಡಿಸೆಂಬರ್‌ವರೆಗಿನ ನಡವಳಿಕೆಗೆ. ಆಯೋಗ ಹೊರಿಸಿದ ತಪ್ಪು ಎರಡು ಬಗೆ, ಈ ವ್ಯತ್ಯಾಸ ಮುಂದೆ ಬೇಕಾಗುತ್ತೆ, ಗಮನ ಕೊಡಿ.

ಒಂದು, ಷರತ್ತಿನ ರಿಬೇಟು. ಡೆಲ್, ಎಚ್‌ಪಿ, ಎನ್ಇಸಿ, ಲೆನೊವೊ. ಎಚ್‌ಪಿಗೆ ಆಫೀಸು ಡೆಸ್ಕ್‌ಟಾಪ್‌ಗಳಲ್ಲಿ ಕನಿಷ್ಠ 95% ಇಂಟೆಲ್ ಇರಬೇಕು ಅನ್ನೋ ಷರತ್ತು. ಲೆಕ್ಕದಮ್ಮನವರ 95 ಎಲ್ಲಿಂದ ಬಂತು ಅಂತ ಈಗ ತಿಳಿಯಿತಲ್ಲ! ಇದರ ಜೊತೆಗೇ ಮೀಡಿಯಾ ಮಾರ್ಕ್ಟ್ ಮಳಿಗೆಗಳ ಒಡೆಯರಾದ ಮೀಡಿಯಾ ಸಾಟರ್ನ್‌ಗೆ ಇಂಟೆಲ್ ಯಂತ್ರಗಳನ್ನಷ್ಟೇ ಮಾರೋಕೆ ದುಡ್ಡು.

ಎರಡು, ಬೆತ್ತಲೆ ಕಟ್ಟುಪಾಡು. ರಿಬೇಟಿನ ಮುಸುಕೂ ಇಲ್ಲ. ಎದುರಾಳಿಯ ಇಂಥ ಯಂತ್ರ ತಡವಾಗಿ ಬಿಡು, ಇಂಥವರಿಗೆ ಮಾರಬೇಡ ಅನ್ನೋಕೆ ದುಡ್ಡು. ಏಸರ್, ಎಚ್‌ಪಿ, ಲೆನೊವೊ ಹೆಸರುಗಳಿವೆ. ಎಚ್‌ಪಿಗೆ ಏನು ಹೇಳಿದ್ದರಂತೆ? ಎಎಂಡಿ ಡೆಸ್ಕ್‌ಟಾಪನ್ನು ಸಣ್ಣ, ಮಧ್ಯಮ ಉದ್ಯಮಗಳಿಗೆ ಮಾರು, ದೊಡ್ಡವರ ಹತ್ತಿರ ಹೋಗಬೇಡ. ನೇರವಾಗಿ ಮಾರು, ವಿತರಕರಿಗೆ ಕೊಡಬೇಡ. ಯೂರೋಪಿನಲ್ಲಿ ಆರು ತಿಂಗಳು ತಡಮಾಡು.

ಇದು ಬರೆದ ಕರಾರಿನಲ್ಲಿ ಇರಲಿಲ್ಲ, ಬಾಯಿಮಾತು. ಹೊರಬಿದ್ದದ್ದು ತಯಾರಕರ ಒಳಗಿನ ಇಮೇಲ್‌ಗಳಿಂದ. ನಾವು ಎಎಂಡಿಯನ್ನು 5%ಗೆ ಕಟ್ಟಿಹಾಕಿಕೊಂಡಿದ್ದೇವೆ ಅಂತ ನಿಮ್ಮ ತಂಡದವರಿಗೂ ಹೇಳಬೇಡಿ, ಎಎಂಡಿಗಂತೂ ಹೇಳಲೇಬೇಡಿ ಅನ್ನೋ ಅರ್ಥದ ಎಚ್‌ಪಿ ಇಮೇಲನ್ನು ಆಯೋಗವೇ ಪ್ರಕಟಿಸಿತು.

ಸೊನ್ನೆಒಂದು

ನನ್ನ ಕಸುಬು ಕೋಡ್ ಬರೆಯೋದು, ಅದಕ್ಕೆ ರಿಬೇಟಿಗಿಂತ ನನಗೆ ಹೆಚ್ಚು ಕಚ್ಚಿದ್ದು ಕಂಪೈಲರ್ ವಿಚಾರ, ಅಂದರೆ ನಾವು ಬರೆದ ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್. ಇದನ್ನು ಯಾರೂ ಹೇಳದೆ ಮುಂದೆ ಹೋಗಬಾರದು.

ಈಚಿನ ಪ್ರತಿ ಎಕ್ಸ್86 ಪ್ರೊಸೆಸರ್‌ಗೂ ಸಿಪಿಯುಐಡಿ ಅನ್ನೋ ಆದೇಶ ಕೊಟ್ಟರೆ ತನ್ನ ಹೆಸರು ಹೇಳುತ್ತೆ. ಇಂಟೆಲ್‌ನದು ಜೆನ್ಯುಯಿನ್‌ಇಂಟೆಲ್ ಅಂತ, ಎಎಂಡಿಯದು ಅಥೆಂಟಿಕ್‌ಎಎಂಡಿ ಅಂತ. ಅದೇ ಆದೇಶ ನನಗೆ ಎಸ್‌ಎಸ್‌ಇ2 (ವೇಗದ ಲೆಕ್ಕದ ಆದೇಶಗಳ ಒಂದು ಗುಂಪು) ಬರುತ್ತೆ, ಎಸ್‌ಎಸ್‌ಇ3 ಬರುತ್ತೆ ಅಂತಲೂ ಹೇಳುತ್ತೆ. ಅಂದರೆ ಈ ಚಿಪ್‌ಗೆ ವೇಗದ ಲೆಕ್ಕ ಬರುತ್ತೋ ಇಲ್ಲವೋ ತಿಳಿಯೋಕೆ ಅದರ ಕುಲ ಕೇಳಬೇಕಾದ್ದಿಲ್ಲ, ಕಸುಬು ಕೇಳಿದರೆ ಸಾಕು.

ಇಂಟೆಲ್‌ನ ಕಂಪೈಲರ್ ಕುಲ ಕೇಳುತ್ತಿತ್ತು. ಅದರಲ್ಲಿ ತಯಾರಾದ ಪ್ರೋಗ್ರಾಂ ಒಂದೇ ಕೆಲಸಕ್ಕೆ ಹಲವು ದಾರಿಗಳನ್ನು ಹೊತ್ತುಕೊಂಡಿರುತ್ತೆ, ಓಡುವಾಗ ಚಿಪ್ ನೋಡಿ ಒಂದನ್ನು ಆರಿಸುತ್ತೆ. ಹೆಸರು ಇಂಟೆಲ್ ಅಂತ ಬಂದರೆ ಹೆದ್ದಾರಿ. ಇಲ್ಲದಿದ್ದರೆ, ಅದೇ ಎಸ್‌ಎಸ್‌ಇ2 ಇದ್ದರೂ, ಕಾಲುದಾರಿ. ಇದನ್ನು ಬಿಡಿಸಿ ದಾಖಲು ಮಾಡಿದವರಲ್ಲಿ ಡೆನ್ಮಾರ್ಕಿನ ಆಗ್ನರ್ ಫಾಗ್ ಮುಖ್ಯರು. ವಿಯಾ ಕಂಪನಿಯ ನ್ಯಾನೋ ಚಿಪ್‌ನಲ್ಲಿ ಈ ಹೆಸರನ್ನೇ ಬದಲಾಯಿಸಬಹುದಿತ್ತು. ಹೆಸರು ಬದಲಿಸಿ ಇಂಟೆಲ್ ಅಂತ ಮಾಡಿದರೆ ಅದೇ ಚಿಪ್ ಕೆಲವು ಪರೀಕ್ಷೆಗಳಲ್ಲಿ ಒಮ್ಮೆಲೇ ಚುರುಕಾಗಿಬಿಡುತ್ತಿತ್ತು!

ರಿಬೇಟಾದರೆ ಕೊಳ್ಳುವವನಿಗೆ ಗೊತ್ತು. ಇಲ್ಲಿ ಎಎಂಡಿ ಯಂತ್ರ ಕೊಂಡವನಿಗೆ ತನ್ನ ಚಿಪ್ಪೇ ನಿಧಾನ ಅನ್ನಿಸುತ್ತೆ. ಪತ್ರಿಕೆಗಳ ವೇಗದ ಪರೀಕ್ಷೆಗಳೂ ಅದೇ ಕಂಪೈಲರ್‌ನಲ್ಲಿ ತಯಾರಾಗಿದ್ದರೆ ತಕ್ಕಡಿಯೇ ವಾಲಿದ ಹಾಗೆ.

ತಿರುಗುಬಾಣ

ಇದೊಂದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ. ಎದುರಾಳಿಯ ಚಿಪ್‌ಗೆ ಹೊಂದಿಸಿಕೊಡಬೇಕಾದ ಹೊಣೆ ಇಂಟೆಲ್‌ಗೆ ಇರಲಿಲ್ಲ ಅಂತ ವಾದಿಸಬಹುದು. ಆದರೆ ಹೊಂದಿಸದಿರೋದು ಬೇರೆ, ಹೆಸರು ನೋಡಿ ಬಾಗಿಲು ಹಾಕೋದು ಬೇರೆ. ಒಪ್ಪಿದೆ.

ನಿರ್ವಾಹಕ

ತಿರುಗುಬಾಣ ಅವರು ಒಪ್ಪಿದ್ದು ಈ ವೇದಿಕೆಯಲ್ಲಿ ಮೊದಲ ಸಲ, ದಾಖಲೆಗೆ ಇರಲಿ. ನಡುವೆ ಬಂದಿದ್ದ ಎರಡು ಬೈಗುಳದ ಪ್ರತಿಕ್ರಿಯೆ ತೆಗೆದಿದ್ದೇನೆ. ಯಾವ ಕಂಪನಿಯೂ ನಿಮ್ಮ ಮಾವನದ್ದಲ್ಲ, ಸಮಾಧಾನವಾಗಿ ಬರೆಯಿರಿ.

ಬೆರಗುಗಣ್ಣು

ಹಾಗಾದರೆ ಕೊನೆಗೆ ಏನಾಯಿತು? ಡೆಲವೇರ್ ಕೋರ್ಟು ಏನಂತು? 106 ಕೋಟಿ ಯೂರೋ ಇಂಟೆಲ್ ಕಟ್ಟಿತಾ?

ಕಟಕಟೆ

ಡೆಲವೇರ್ ಕೋರ್ಟು ಏನೂ ಅನ್ನಲಿಲ್ಲ, ವಿಚಾರಣೆ ಶುರುವಾಗೋ ಮೊದಲೇ ಮುಗಿಯಿತು. 2009ರ ನವೆಂಬರ್ 12ರಂದು ರಾಜಿ. ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟಿತು, ಎರಡೂ ಕಡೆ ಪೇಟೆಂಟ್ ಒಪ್ಪಂದ ಐದು ವರ್ಷಕ್ಕೆ ಹೊಸದಾಯಿತು. ಆ ವರ್ಷವೇ ಎಎಂಡಿ ತನ್ನ ಕಾರ್ಖಾನೆಗಳನ್ನು ಅಬುಧಾಬಿಯವರ ಬಂಡವಾಳದಲ್ಲಿ ಗ್ಲೋಬಲ್‌ಫೌಂಡ್ರೀಸ್ ಅಂತ ಬೇರೆ ಮಾಡಿತ್ತು. ನಿನ್ನ ಎಕ್ಸ್86 ಪರವಾನಗಿಯಲ್ಲಿ ಇದಕ್ಕೆ ಅವಕಾಶವಿಲ್ಲ ಅಂತ ಇಂಟೆಲ್ ತಕರಾರು ತೆಗೆದಿತ್ತು. ರಾಜಿಯಲ್ಲಿ ಅದೂ ಬಗೆಹರಿಯಿತು. ಎಎಂಡಿಗೆ ದುಡ್ಡಿಗಿಂತ ಇದೇ ದೊಡ್ಡ ಗಳಿಕೆ ಅಂತ ನನ್ನ ಅನಿಸಿಕೆ. ಮುಂದೆ ತೈವಾನಿನ ಚಿಪ್ ತಯಾರಕ ಟಿಎಸ್ಎಂಸಿ ಕೈಲಿ ಚಿಪ್ ಮಾಡಿಸಿಕೊಂಡು ಮೇಲೆದ್ದದ್ದು ಈ ಬಾಗಿಲಿನಿಂದಲೇ.

ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಇಂಟೆಲ್ ಮೇಲೆ ಬಿತ್ತು. 2010ರ ಆಗಸ್ಟ್‌ನಲ್ಲಿ ಒಪ್ಪಂದ. ದಂಡ ಇಲ್ಲ, ಷರತ್ತುಗಳು ಮಾತ್ರ: ಎದುರಾಳಿಯಿಂದ ಕೊಳ್ಳಬೇಡ ಅಂತ ಲಾಭ ತೋರಿಸಬಾರದು, ಎನ್‌ವಿಡಿಯಾದಂಥವರ ಚಿಪ್ ಜೋಡಿಸೋಕೆ ಬೇಕಾದ ಪಿಸಿಐ ಎಕ್ಸ್‌ಪ್ರೆಸ್ ದಾರಿಯನ್ನು ಆರು ವರ್ಷ ಮುಚ್ಚಬಾರದು, ಸೊನ್ನೆಒಂದು ಹೇಳಿದ ಕಂಪೈಲರ್‌ನ ತಾರತಮ್ಯವನ್ನು ಬಳಕೆದಾರರಿಗೆ ಬಹಿರಂಗವಾಗಿ ತಿಳಿಸಬೇಕು.

ಯೂರೋಪಿನ ಕತೆ ಮಾತ್ರ ಮುಗಿಯದ ಪುರಾಣ. ಇಂಟೆಲ್ ದಂಡ ಕಟ್ಟಿ ಮೇಲ್ಮನವಿ ಹೋಯಿತು. 2014ರಲ್ಲಿ ಅಲ್ಲಿನ ಜನರಲ್ ಕೋರ್ಟು ಆಯೋಗವನ್ನೇ ಎತ್ತಿಹಿಡಿಯಿತು, ಬಲಾಢ್ಯ ಕಂಪನಿ ಇಂಥ ರಿಬೇಟು ಕೊಟ್ಟರೆ ಎದುರಾಳಿಯ ಮೇಲಾಗುವ ಪರಿಣಾಮದ ಲೆಕ್ಕ ಹಾಕಬೇಕಾದ್ದೇ ಇಲ್ಲ ಅಂತು. 2017ರಲ್ಲಿ ಮೇಲಿನ ನ್ಯಾಯಾಲಯ, ಹಾಗಲ್ಲ, ಆಯೋಗವೇ ಲೆಕ್ಕ ಹಾಕಿದ ಮೇಲೆ ಆ ಲೆಕ್ಕ ಸರಿಯೋ ತಪ್ಪೋ ನೋಡಲೇಬೇಕು ಅಂತ ವಾಪಸ್ ಕಳಿಸಿತು. 2022ರ ಜನವರಿ 26ರಂದು ಅದೇ ಜನರಲ್ ಕೋರ್ಟು ಲೆಕ್ಕ ನೋಡಿತು, ತಪ್ಪಿದೆ ಅಂತು, ಇಡೀ ದಂಡ ರದ್ದು ಮಾಡಿತು. ದುಡ್ಡು ವಾಪಸ್ ಬಂತು, ಸಾಲದೆಂಬಂತೆ ಇಂಟೆಲ್ ಬಡ್ಡಿ ಅಂತ 59.3 ಕೋಟಿ ಯೂರೋ ಕೇಳಿತು.

ಈಗ ಆ ಎರಡು ಬಗೆ ನೆನಪಿಸಿಕೊಳ್ಳಿ. ರದ್ದಾದದ್ದು ರಿಬೇಟಿನ ಭಾಗ. ಬೆತ್ತಲೆ ಕಟ್ಟುಪಾಡಿನ ಭಾಗ ಕಾನೂನುಬಾಹಿರವೇ ಅಂತ ಕೋರ್ಟು ಉಳಿಸಿತು. ಅದಕ್ಕೇ ಅಂತ 2023ರ ಸೆಪ್ಟೆಂಬರ್‌ನಲ್ಲಿ ಆಯೋಗ ಹೊಸದಾಗಿ ಸುಮಾರು 37.6 ಕೋಟಿ ಯೂರೋ ದಂಡ ಹಾಕಿತು. ರಿಬೇಟಿನ ವಿಷಯದಲ್ಲಿ ಆಯೋಗ ಮಾಡಿದ ಮೇಲ್ಮನವಿ 2024ರ ಅಕ್ಟೋಬರ್ 24ರಂದು ಬಿದ್ದುಹೋಯಿತು. ಎಎಂಡಿ ಯೂರೋಪಿಗೆ ದೂರು ಕೊಟ್ಟದ್ದು 2000ದಲ್ಲಿ.

ಹಳೇ ಮದರ್‌ಬೋರ್ಡ್

ಇಪ್ಪತ್ನಾಲ್ಕು ವರ್ಷ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋದು ಇದಕ್ಕೇ ಇರಬೇಕು. ಈ ನಡುವೆ ಎಎಂಡಿ ಬುಲ್‌ಡೋಜರ್ ಅನ್ನೋ ಚಿಪ್ ತಂದು 2011ರಲ್ಲಿ ತಾನೇ ತೋಡಿದ ಹಳ್ಳಕ್ಕೆ ಬಿತ್ತು, 2017ರಲ್ಲಿ ರೈಜನ್‌ನಿಂದ ಎದ್ದಿತು. ಇಂಟೆಲ್ 10 ನ್ಯಾನೋಮೀಟರ್ ಅನ್ನೋ ಹೊಸ ತಯಾರಿಕೆಯ ವಿಧಾನ ಕೈಗೂಡದೆ ವರ್ಷಗಟ್ಟಲೆ ತಿಣುಕಿತು. 2024ರ ಹೊತ್ತಿಗೆ ಆ ದೊಡ್ಡ ಕಂಪನಿಯೇ ಏದುಸಿರು ಬಿಡುತ್ತಿತ್ತು. ಯಾವ ಕೋರ್ಟೂ ಮಾಡಲಾಗದ್ದನ್ನು ಅವರ ಸ್ವಂತ ಕಾರ್ಖಾನೆ ಮಾಡಿತು.

ತಿರುಗುಬಾಣ

ಅದನ್ನೇ ನಾನು ಮೊದಲಿನಿಂದ ಹೇಳ್ತಿರೋದು. ಮಾರುಕಟ್ಟೆ ತಾನೇ ಸರಿಮಾಡಿಕೊಂಡಿತು.

ಗಡಿಯಾರ

ಹತ್ತ ಹದಿನೈದ ವರ್ಷ ಆದಮ್ಯಾಲೆ! ನಡುವ ಚಿಪ್ ಮಾಡ್ತಿದ್ದ ಟ್ರಾನ್ಸ್‌ಮೆಟಾ ಎಲ್ಲಿ ಹೋತ್ರಿ, ಸೈರಿಕ್ಸ್ ಎಲ್ಲಿ ಹೋತು? ಅವರೆಲ್ಲಾರೂ ಮುಳುಗಿದ್ದಕ್ಕ ಇಂಟೆಲ್ಲೇ ಕಾರಣ ಅಂತ ನಾ ಅನ್ನೂದಿಲ್ಲ. ಆದ್ರ ಸರಿಮಾಡಿಕೊಂತು ಅಂತ ಹೇಳಾಕ ಉಳದಾವ್ರು ಒಬ್ಬರ ಇದ್ರು.

ಸೊನ್ನೆಒಂದು

ಇಂಟೆಲ್ ಒಂದನ್ನೇ ಹಿಡಿದು ಬಡಿಯೋದೂ ಸರಿಯಲ್ಲ. ಫೋನ್ ಚಿಪ್ ಮಾಡುವ ಕ್ವಾಲ್‌ಕಾಮ್ ಐಫೋನಿನಲ್ಲಿ ತನ್ನ ಮೋಡೆಮ್ (ಫೋನನ್ನು ನೆಟ್‌ವರ್ಕ್‌ಗೆ ಜೋಡಿಸುವ ಚಿಪ್) ಮಾತ್ರ ಇರಲಿ ಅಂತ ಆಪಲ್‌ಗೆ ದುಡ್ಡು ಕೊಟ್ಟಿತು ಅಂತ 2018ರಲ್ಲಿ ಯೂರೋಪ್ 99.7 ಕೋಟಿ ಯೂರೋ ದಂಡ ಹಾಕಿತ್ತು, 2022ರಲ್ಲಿ ಕೋರ್ಟು ಅದನ್ನೂ ರದ್ದು ಮಾಡಿತು. ಅಲ್ಲಿ ಅನ್ಯಾಯಕ್ಕೆ ಒಳಗಾದವರು ಯಾರು ಗೊತ್ತಾ? ಮೋಡೆಮ್ ಮಾರೋಕೆ ಒದ್ದಾಡುತ್ತಿದ್ದ ಇಂಟೆಲ್!

ಮಾರಾಯ

ಹಹ್ಹಾ! ಮೊನ್ನೆಯ ಅತ್ತೆ ಇವತ್ತಿನ ಸೊಸೆ.

ಬೆರಗುಗಣ್ಣು

ಎಲ್ಲರಿಗೂ ಧನ್ಯವಾದ. ಎಚ್‌ಪಿ ಆ 1.6 ಲಕ್ಷವನ್ನಾದರೂ ಯಾಕೆ ತಗೊಂಡಿತು ಅಂತ ಈಗ ಅಂದಾಜಾಗುತ್ತಿದೆ, 5% ಬಿಟ್ಟುಕೊಟ್ಟಿದ್ದರಲ್ಲ, ಅಷ್ಟರೊಳಗೆ ಎಷ್ಟು ಹಿಡಿಸಿತೋ ಅಷ್ಟು. ಇದು ನನ್ನ ಊಹೆ ಮಾತ್ರ.

ಆದರೆ ಕಟಕಟೆ ಅವರ ಮಾತು ಓದಿ ಹೊಸ ತಲೆನೋವು. ಆಯೋಗದ ಲೆಕ್ಕ ತಪ್ಪು ಅಂತ ಕೋರ್ಟು ಹೇಳಿತಲ್ಲ, ಹಾಗಾದರೆ ಲೆಕ್ಕದಮ್ಮ ಮೇಡಂ ಹಾಕಿದ ಲೆಕ್ಕವೂ ತಪ್ಪೇ?

ಲೆಕ್ಕದಮ್ಮ

ಕೂಡಿಸಿ ಕಳೆದದ್ದು ತಪ್ಪಲ್ಲ, ಅಲ್ಲಿ ಜಗಳ ಇದ್ದದ್ದು ಲೆಕ್ಕಕ್ಕೆ ಹಾಕಿದ ಅಂಕಿಯ ಮೇಲೆ. ನಾನು ಚಿಕ್ಕ ಕಂಪನಿ 10 ಚಿಪ್ ಮಾತ್ರ ಮಾರಬಲ್ಲದು ಅಂತ ಆರಾಮಾಗಿ ಅಂದುಬಿಟ್ಟೆ. ನಿಜ ಜೀವನದಲ್ಲಿ ಅದು 10 ಅಂತ ಹೇಳುವವರು ಯಾರು? ಡೆಲ್ ವಿಷಯದಲ್ಲಿ ಆಯೋಗ ಹಿಡಿದದ್ದು 7.1%. ಅದನ್ನು ಗಟ್ಟಿಯಾಗಿ ಸಾಬೀತು ಮಾಡಿಲ್ಲ ಅಂತು ಕೋರ್ಟು. ಎಚ್‌ಪಿ ವಿಷಯದಲ್ಲಿ ಇಡೀ ಅವಧಿಗೆ ಪುರಾವೆ ಸಾಲದು ಅಂತು.

ನನ್ನ ಉದಾಹರಣೆಯಲ್ಲೇ ಅಂಕಿ ಬದಲಿಸಿ ನೋಡಿ. 10 ಅಂದಾಗ ಚಿಕ್ಕವರು ಪುಕ್ಕಟೆ ಕೊಡಬೇಕಿತ್ತು. 15 ಅನ್ನಿ: 85ಕ್ಕೆ 8,500, ಉಳಿದ 500ನ್ನು 15ಕ್ಕೆ ಹಂಚಿದರೆ ತಲಾ 33 ಡಾಲರ್. 20ಕ್ಕೆ 50. 30ಕ್ಕೆ ಸುಮಾರು 67. ಚಿಪ್ ಮಾಡೋಕೆ 40 ಡಾಲರ್ ಖರ್ಚು ಅಂತಿಟ್ಟರೆ, 15ರಲ್ಲಿ ಚಿಕ್ಕವನು ಸಾಯುತ್ತಾನೆ, 20ರಲ್ಲಿ ಬದುಕುತ್ತಾನೆ. ಮೊದಲನೆಯದರಲ್ಲಿ ದೊಡ್ಡವನು ತಪ್ಪಿತಸ್ಥ, ಎರಡನೆಯದರಲ್ಲಿ ಒಳ್ಳೆಯ ವ್ಯಾಪಾರಿ. ನಡುವೆ ಇರೋದು ಐದೇ ಚಿಪ್.

ಬೆರಗುಗಣ್ಣು

ಆ ಐದು ಚಿಪ್‌ಗೆ ಇಷ್ಟು ವರ್ಷವಾ!

ಕಟಕಟೆ

ಆ ಐದಕ್ಕೇ. ಬೆತ್ತಲೆ ಕಟ್ಟುಪಾಡಿಗೆ ಈ ಲೆಕ್ಕ ಬೇಕಿರಲಿಲ್ಲ, ಅದಕ್ಕೇ ಅದು ಉಳಿಯಿತು.